ರುಚಿ ಬಿಡದೆ ಮೈತೂಕ ಇಳಿಸಲು ಬಯಲುಸೀಮೆಯ ತಿಂಡಿ ಮತ್ತು ಮನೆ ಅಡಿಗೆ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ರೈತ ಕುಟುಂಬಗಳಲ್ಲಿ ಒಂದು ತಲೆಮಾರಿನ ಹಿಂದೆ ಮೈತೂಕ ಹೆಚ್ಚಾಯಿತೆಂದು ಚಿಂತಿಸುವವರು ಅಪರೂಪ. ಬೆಳಗಿನ ಜಾವ ನೇಗಿಲು ಕಟ್ಟಿ ಹೊರಟವನು ಮಧ್ಯಾಹ್ನದವರೆಗೆ ಉಳುತ್ತಿದ್ದನು. ಮನೆಯಾಕೆ ನೀರು ಸೇದಿ, ರಾಗಿ ಬೀಸಿ, ಕಳೆ ತೆಗೆದು ಬರುತ್ತಿದ್ದಳು. ಎರಡು ಮುದ್ದೆ ಉಂಡರೂ ಸಂಜೆಯ ಹೊತ್ತಿಗೆ ಕರಗುತ್ತಿತ್ತು. ಇಂದು ಉಳುಮೆಗೆ ಟ್ರಾಕ್ಟರು, ಅಡಿಕೆ ತೋಟಕ್ಕೆ ಹನಿ ನೀರಾವರಿ, ಹೊಲಕ್ಕೆ ಹೋಗಲು ಮೋಟಾರು ಬೈಕು, ಅಡಿಗೆ ಮನೆಯಲ್ಲಿ ಮಿಕ್ಸಿ ಬಂದಿವೆ. ಇವೆಲ್ಲ ಬರಬೇಕಾದ ಅನುಕೂಲಗಳೇ. ಆದರೆ ದುಡಿಮೆ ತಗ್ಗಿದಷ್ಟು ನಮ್ಮ ಊಟ ತಗ್ಗಿಲ್ಲ. ಅದರ ಮೇಲೆ ಸಂಜೆಯ ಕರಿದ ತಿಂಡಿ, ದಿನಕ್ಕೆ ನಾಲ್ಕೈದು ಬಾರಿ ಸಕ್ಕರೆ ಚಹಾ ಸೇರಿಕೊಂಡಿವೆ.

ಇದರ ಫಲ ಕಣ್ಣಿಗೆ ಕಾಣುತ್ತಿದೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕವುಳ್ಳವರು. ಗಂಡಸರು, ಹೆಂಗಸರು ಎಂಬ ಭೇದವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ನೋವು ಇವು ಪೇಟೆಯವರ ಕಾಯಿಲೆಗಳೆಂಬ ಭಾವನೆ ಈಗ ಸುಳ್ಳಾಗಿದೆ. ಮಂಡಿ ಹಿಡಿದ ರೈತನು ಬದು ಹತ್ತಲಾರನು, ಕೂತು ಕಳೆ ಕೀಳಲಾರನು. ಆದುದರಿಂದ ಮೈತೂಕವು ಅಂದಚಂದದ ವಿಷಯ ಮಾತ್ರವಲ್ಲ, ಬೇಸಾಯದ ವಿಷಯವೂ ಹೌದು.

ತೂಕ ಇಳಿಸಿರೆಂದು ವೈದ್ಯರು ಹೇಳಿದಾಗ ಊಟಪ್ರಿಯರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ರಾತ್ರಿ ಊಟವನ್ನೇ ಬಿಡುವುದು. ಎರಡು, ಅನ್ನ ಬಿಟ್ಟು ಸಿರಿಧಾನ್ಯ ತಿಂದರೆ ಸಾಕು, ತೂಕ ತಾನೇ ಇಳಿಯುವುದೆಂದು ನಂಬುವುದು. ಮೊದಲನೆಯದು ಎಂಟು ದಿನವೂ ನಡೆಯುವುದಿಲ್ಲ. ಎರಡನೆಯದು ಅರ್ಧ ಸತ್ಯ. ಮುದ್ದೆಯನ್ನೂ ಮಂಡಕ್ಕಿಯನ್ನೂ ಬಿಡದೆ, ಎಣ್ಣೆ, ಸಕ್ಕರೆ ಮತ್ತು ಅಳತೆಗಳನ್ನು ಸರಿಪಡಿಸಿ ತೂಕ ಇಳಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ತೂಕ ಏಕೆ ಏರುತ್ತದೆ?

ದೇಹಕ್ಕೆ ಬೇಕಾದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ, 65 ಕಿಲೋ ತೂಕದ ಗಂಡಸು ಕಷ್ಟದ ಮೈಕೆಲಸ ಮಾಡುವವನಾದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅದೇ ತೂಕದವನು ಕುಳಿತು ಮಾಡುವ ಕೆಲಸದವನಾದರೆ 2110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಈ ಲೆಕ್ಕ ಕ್ರಮವಾಗಿ 2720 ಮತ್ತು 1660.

ಗಂಡಸಿನ ವಿಷಯದಲ್ಲಿ ಈ ವ್ಯತ್ಯಾಸ 1360 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಅಂದರೆ ಉಳುವವನಿಗೂ, ಉಳುವ ಟ್ರಾಕ್ಟರನ್ನು ನಿಂತು ನೋಡುವವನಿಗೂ ದಿನಕ್ಕೆ ನಾಲ್ಕು ಮುದ್ದೆಗಳಷ್ಟು ಅಂತರ! ಖರ್ಚಾಗದೆ ಉಳಿದ ಶಕ್ತಿಯು ಕೊಬ್ಬಾಗಿ ಮೈಯಲ್ಲಿ ಶೇಖರವಾಗುತ್ತದೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ಆದುದರಿಂದ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ತಿಂಗಳಿಗೆ ಹೆಚ್ಚೆಂದರೆ 2 ಕಿಲೋ ಇಳಿಯಬಹುದು. ಇದಕ್ಕಿಂತ ವೇಗವಾಗಿ ಇಳಿಸಲು ಹೋಗುವುದು ಒಳ್ಳೆಯದಲ್ಲ.

ತಮ್ಮ ತೂಕ ಹೆಚ್ಚೋ ಅಲ್ಲವೋ ತಿಳಿಯಲು ಸುಲಭ ವಿಧಾನವಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. ಭಾರತೀಯರಲ್ಲಿ ಬಂದ ಉತ್ತರ 23 ಮೀರಿದರೆ ತೂಕ ಹೆಚ್ಚು, 25 ಮುಟ್ಟಿದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ 1.65 ಮೀಟರ್ ಎತ್ತರದವನು 72 ಕಿಲೋ ಇದ್ದರೆ ಉತ್ತರ 26.4 ಬರುತ್ತದೆ. ಲೆಕ್ಕ ಬೇಡವಾದವರು ಸೊಂಟದ ಸುತ್ತಳತೆಯನ್ನು ಟೇಪಿನಿಂದ ನೋಡಿಕೊಳ್ಳಬಹುದು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ಸಿರಿಧಾನ್ಯದ ನಿಜವಾದ ಗುಣ

ಪಕ್ಕದ ಹೊಸದುರ್ಗ ತಾಲ್ಲೂಕು ಸಾಮೆ, ನವಣೆಗಳಿಗೆ ಹೆಸರಾದುದು. ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲೆ ಇವುಗಳಿಗೆ ಬೇಡಿಕೆಯೂ ಬಂದಿದೆ. ಆದರೆ ಕೆಳಗಿನ ಪಟ್ಟಿಯನ್ನು ಗಮನಿಸಿರಿ. ಇವು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಅಂಕಿಗಳು.

100 ಗ್ರಾಂ ಒಣ ಧಾನ್ಯದಲ್ಲಿ ಇರುವ ಅಂಶಗಳು:
ಅಕ್ಕಿ: ಶಕ್ತಿ 356 ಕ್ಯಾಲೊರಿ, ಸಸಾರಜನಕ 7.9 ಗ್ರಾಂ, ನಾರು 2.8 ಗ್ರಾಂ
ರಾಗಿ: ಶಕ್ತಿ 321 ಕ್ಯಾಲೊರಿ, ಸಸಾರಜನಕ 7.2 ಗ್ರಾಂ, ನಾರು 11.2 ಗ್ರಾಂ
ಜೋಳ: ಶಕ್ತಿ 334 ಕ್ಯಾಲೊರಿ, ಸಸಾರಜನಕ 10.0 ಗ್ರಾಂ, ನಾರು 10.2 ಗ್ರಾಂ
ಸಾಮೆ: ಶಕ್ತಿ 346 ಕ್ಯಾಲೊರಿ, ಸಸಾರಜನಕ 10.1 ಗ್ರಾಂ, ನಾರು 7.7 ಗ್ರಾಂ
ಹುರುಳಿ: ಶಕ್ತಿ 330 ಕ್ಯಾಲೊರಿ, ಸಸಾರಜನಕ 21.7 ಗ್ರಾಂ, ನಾರು 7.9 ಗ್ರಾಂ

ಇದರಿಂದ ತಿಳಿಯುವುದೇನೆಂದರೆ, ಶಕ್ತಿಯ ದೃಷ್ಟಿಯಿಂದ ಅಕ್ಕಿಗೂ ರಾಗಿ, ಸಾಮೆಗಳಿಗೂ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ನಾರಿನಲ್ಲಿ. ನಾರು ಹೊಟ್ಟೆಯನ್ನು ಬೇಗ ತುಂಬಿಸುತ್ತದೆ, ಹಸಿವನ್ನು ತಡೆದು ಹಿಡಿಯುತ್ತದೆ. ಒಂದು ಮುದ್ದೆ ಉಂಡವನು ನಾಲ್ಕು ಗಂಟೆ ಏನನ್ನೂ ಕೇಳದಿರುವುದಕ್ಕೆ ಇದೇ ಕಾರಣ. ಜೊತೆಗೆ ರಾಗಿಯಲ್ಲಿ 360 ಮಿಲಿಗ್ರಾಂನಷ್ಟು ಸುಣ್ಣಾಂಶವಿದ್ದರೆ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ.

ಆದರೆ ಈ ಗುಣ ಕೆಡುವ ದಾರಿಗಳೂ ಇವೆ. ಸಾಮೆಯನ್ನು ಬೆಳ್ಳಗಾಗುವವರೆಗೆ ಪಾಲಿಷ್ ಮಾಡಿಸಿದರೆ ನಾರು ತೌಡಿಗೆ ಹೋಗುತ್ತದೆ. ರಾಗಿ ಹಿಟ್ಟಿಗೆ ಹಾಲು, ಬೆಲ್ಲ ಬೆರೆಸಿ ಕುಡಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಶಕ್ತಿ ಮಾತ್ರ ಸೇರುತ್ತದೆ. ನವಣೆ ಉಂಡೆಗೆ ತುಪ್ಪ, ಬೆಲ್ಲ ಸುರಿದರೆ ಅದು ಸಿಹಿ ತಿಂಡಿಯೇ ಹೊರತು ಪಥ್ಯವಲ್ಲ. ಬೆಲ್ಲವು ಸಕ್ಕರೆಗಿಂತ ಒಳ್ಳೆಯದೆಂದು ಕೈತುಂಬ ಹಾಕುವವರಿದ್ದಾರೆ. ತೂಕದ ಮಟ್ಟಿಗೆ ಎರಡೂ ಒಂದೇ.

ಮೂರು ತೂತುಗಳು

ಕಟ್ಟೆ ಒಡೆದ ಕೆರೆಯಲ್ಲಿ ಮೊದಲು ತೂತು ಎಲ್ಲಿದೆ ಎಂದು ನೋಡುತ್ತೇವೆ. ಊಟದಲ್ಲಿಯೂ ಹಾಗೆಯೇ ನೋಡಬೇಕು.

1. ಎಣ್ಣೆ: ಒಂದು ಚಹಾ ಚಮಚ, ಅಂದರೆ 5 ಗ್ರಾಂ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ತುಪ್ಪವಾಗಲಿ ಲೆಕ್ಕ ಒಂದೇ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಅಂದರೆ 340 ಕ್ಯಾಲೊರಿ ಆಯಿತು. ಅದನ್ನು 3 ಲೀಟರಿಗೆ ಇಳಿಸಿದರೆ ತಲೆಗೆ ಸುಮಾರು 23 ಗ್ರಾಂ ಬೀಳುತ್ತದೆ. ಇದರಲ್ಲಿ ಬೆಳೆಯುವ ಮಕ್ಕಳ ಪಾಲು ಕಡಿಮೆ ಮಾಡಬಾರದು. ತೂಕ ಇಳಿಸಬೇಕಾದವರು ದಿನಕ್ಕೆ 3 ರಿಂದ 4 ಚಮಚದೊಳಗೆ ಇರುವುದು ಸೂಕ್ತ. ಡಬ್ಬದಿಂದ ಬಾಣಲೆಗೆ ನೇರವಾಗಿ ಸುರಿಯದೆ ಚಮಚದಿಂದ ಅಳೆದು ಹಾಕುವುದೇ ಇದಕ್ಕೆ ಸುಲಭ ಉಪಾಯ. ತಿಂಗಳ ಮೊದಲ ದಿನ ಡಬ್ಬದ ಮೇಲೆ ಗುರುತು ಹಾಕಿಕೊಂಡರೆ ಲೆಕ್ಕ ತಾನೇ ತಿಳಿಯುತ್ತದೆ.

2. ಚಹಾದ ಸಕ್ಕರೆ: ದಿನಕ್ಕೆ 4 ಲೋಟ ಚಹಾ, ಲೋಟಕ್ಕೆ 2 ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. 2 ಲೋಟಕ್ಕೆ ಇಳಿಸಿ, ಲೋಟಕ್ಕೆ ಒಂದೂವರೆ ಚಮಚ ಹಾಕಿಕೊಂಡರೆ 60 ಕ್ಯಾಲೊರಿಯಷ್ಟೆ. ಹದಿನೈದು ದಿನಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಬಂದವರ ಮನೆಯಲ್ಲಿ ಚಹಾ ಬೇಡವೆನ್ನಲು ಸಂಕೋಚವಾದರೆ ಮಜ್ಜಿಗೆ ಕೇಳಬಹುದು. ಯಾರೂ ಬೇಸರಪಡುವುದಿಲ್ಲ.

3. ಸಂಜೆಯ ತಿಂಡಿ: ಚಿತ್ರದುರ್ಗ, ದಾವಣಗೆರೆ ಸೀಮೆಯವರಿಗೆ ಮಂಡಕ್ಕಿ ಮಿರ್ಚಿಯ ಮೇಲಿನ ಪ್ರೀತಿ ಎಲ್ಲರಿಗೂ ತಿಳಿದುದೇ. ಇದರಲ್ಲಿ ಮಂಡಕ್ಕಿಯ ತಪ್ಪೇನೂ ಇಲ್ಲ. ಒಂದು ದೊಡ್ಡ ತಟ್ಟೆ ಮಂಡಕ್ಕಿ ತೂಗಿದರೆ 60 ಗ್ರಾಂ ಬರಬಹುದು, ಅಂದರೆ ಸುಮಾರು 200 ಕ್ಯಾಲೊರಿ. ಅದರ ಒಗ್ಗರಣೆಗೆ 3 ಚಮಚ ಎಣ್ಣೆ ಬಿದ್ದರೆ 135 ಸೇರಿತು. ಹಿಟ್ಟು ಮತ್ತು ಹೀರಿದ ಎಣ್ಣೆ ಸೇರಿ ಒಂದು ಮಿರ್ಚಿಗೆ ಸುಮಾರು 150. ಮೂರು ಮಿರ್ಚಿ ತಿಂದರೆ 450. ಒಟ್ಟು 750 ದಾಟಿತು. ಎರಡು ಮುದ್ದೆಯ ಊಟಕ್ಕಿಂತ ಹೆಚ್ಚು! ಮನೆಗೆ ಹೋಗಿ ರಾತ್ರಿ ಊಟ ಮಾಡುವುದಂತೂ ಇದ್ದೇ ಇದೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 140 ಕ್ಯಾಲೊರಿ. ಅಂದರೆ ಅಷ್ಟೂ ನಡಿಗೆ ಒಂದು ಮಿರ್ಚಿಗೆ ಸಮವಾಯಿತು. ನಡಿಗೆಯನ್ನು ಬಿಡಬಾರದು ನಿಜ. ಆದರೆ ತಿಂದದ್ದನ್ನೆಲ್ಲ ನಡೆದು ಕರಗಿಸುತ್ತೇನೆಂಬ ಲೆಕ್ಕ ಕೂಡಿಬರುವುದಿಲ್ಲ.

ಎಣ್ಣೆಯಲ್ಲಿ 150, ಚಹಾದಲ್ಲಿ 100 ಉಳಿಯಿತು. ವಾರಕ್ಕೆ ನಾಲ್ಕು ಸಂಜೆ ಅಂಗಡಿಯ ತಟ್ಟೆಗೆ ಬದಲಾಗಿ ಮುಂದೆ ಹೇಳಿರುವ ಮನೆಯ ತಟ್ಟೆ ತಿಂದರೆ ದಿನಕ್ಕೆ ಸರಾಸರಿ 250 ಉಳಿಯುತ್ತದೆ. ಮುದ್ದೆಗೆ ಕೈ ಹಚ್ಚದೆಯೇ 500 ಕ್ಯಾಲೊರಿ ಕಡಿಮೆಯಾಯಿತು.

ಮನೆಯಲ್ಲಿ ಮಾಡಬಹುದಾದ ತಿಂಡಿಗಳು

ಮೊಳಕೆ ಮಂಡಕ್ಕಿ (2 ಜನರಿಗೆ)
ಬೇಕಾಗುವ ಸಾಮಗ್ರಿಗಳು: ಮಂಡಕ್ಕಿ 40 ಗ್ರಾಂ (ಸುಮಾರು 3 ಲೋಟ), 30 ಗ್ರಾಂ ಹೆಸರುಕಾಳಿನ ಮೊಳಕೆ, ಈರುಳ್ಳಿ 1, ಟೊಮ್ಯಾಟೊ 1, ಸೌತೆಕಾಯಿ 1, ಹುರಿಗಡಲೆ ಪುಡಿ 2 ಚಮಚ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು, ಎಣ್ಣೆ 1 ಚಮಚ, ಉಪ್ಪು.
ವಿಧಾನ: ಮೊಳಕೆ ಕಾಳನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಎಣ್ಣೆಯಲ್ಲಿ ಸಾಸಿವೆ, ಮೆಣಸಿನಕಾಯಿ, ಅರಿಸಿನ ಒಗ್ಗರಣೆ ಮಾಡಿ ಕಾಳು, ತರಕಾರಿ ಬೆರೆಸಬೇಕು. ತಿನ್ನುವ ಹೊತ್ತಿಗೆ ಮಂಡಕ್ಕಿ, ಹುರಿಗಡಲೆ ಪುಡಿ, ನಿಂಬೆ ರಸ ಹಾಕಿ ಕಲಸಬೇಕು. ಮೊದಲೇ ಕಲಸಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ. ಒಬ್ಬರ ಪಾಲಿಗೆ ಸುಮಾರು 185 ಕ್ಯಾಲೊರಿ.

ಹಂಚಿನ ಮಿರ್ಚಿ (12 ಆಗುವುದು)
ಮಿರ್ಚಿ ಇಲ್ಲದ ಮಂಡಕ್ಕಿ ಗಂಟಲಲ್ಲಿ ಇಳಿಯದೆಂಬುವವರು ಪಡ್ಡಿನ ಹಂಚನ್ನು ಬಳಸಬಹುದು. 100 ಗ್ರಾಂ ಕಡಲೆ ಹಿಟ್ಟಿಗೆ ಸಣ್ಣಗೆ ಹೆಚ್ಚಿದ 6 ಹಸಿಮೆಣಸಿನಕಾಯಿ, 1 ಈರುಳ್ಳಿ, ಅಜವಾನ, ಜೀರಿಗೆ, ಉಪ್ಪು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಬೇಕು. ಹಂಚಿನ ಕುಳಿಗಳಿಗೆ ಎರಡೆರಡು ಹನಿ ಎಣ್ಣೆ ಸವರಿ ಹಿಟ್ಟು ಹೊಯ್ದು, ಮುಚ್ಚಿ, ಎರಡೂ ಮಗ್ಗುಲು ಕೆಂಪಗೆ ಬೇಯಿಸಬೇಕು. ಇಡೀ ಹಿಟ್ಟಿಗೆ 2 ಚಮಚ ಎಣ್ಣೆ ಸಾಕು. ಒಂದಕ್ಕೆ 40 ಕ್ಯಾಲೊರಿಯಂತೆ ಮೂರು ತಿಂದರೂ 120 ರಿಂದ 130. ಕರಿದ ಮಿರ್ಚಿಯ ಗರಿ ಇದಕ್ಕೆ ಬರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಖಾರ, ಪರಿಮಳಕ್ಕೆ ಕೊರತೆಯಿಲ್ಲ.

ಮಜ್ಜಿಗೆ ಅಂಬಲಿ (2 ಲೋಟ)
30 ಗ್ರಾಂ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬೇಯಿಸಬೇಕು. ಆರಿದ ಮೇಲೆ ತಿಳಿ ಮಜ್ಜಿಗೆ, ಜಜ್ಜಿದ ಈರುಳ್ಳಿ, ಕರಿಬೇವು, ಉಪ್ಪು ಬೆರೆಸಬೇಕು. ಬೆಲ್ಲದ ಮಾಲ್ಟಿನಂತಲ್ಲದೆ ಇದರಲ್ಲಿ ಲೋಟಕ್ಕೆ 80 ಕ್ಯಾಲೊರಿ ಮಾತ್ರ. ಹನ್ನೊಂದು ಗಂಟೆಯ ಚಹಾದ ಜಾಗಕ್ಕೆ ಇದು ಸರಿಯಾದ ಬದಲು.

ಇವಲ್ಲದೆ ಕಾಲಕ್ಕೆ ತಕ್ಕ ತಿಂಡಿಗಳು ಹೊಲದಲ್ಲಿಯೇ ಇವೆ. ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ, ತೊಗರಿಕಾಯಿ, ಅಲಸಂದೆ, ಎಳೆ ಸೌತೆ, ಸೀಬೆ, ನೇರಳೆ, ನೆಲ್ಲಿ ಇವನ್ನು ಧಾರಾಳವಾಗಿ ತಿನ್ನಬಹುದು. ಸುಲಿದು ತಿನ್ನುವ ತಿಂಡಿಗೆ ಸಮಯ ಹಿಡಿಯುತ್ತದೆ, ಆದುದರಿಂದ ಹೊಟ್ಟೆ ತುಂಬಿದ್ದು ತಿನ್ನುವಾಗಲೇ ತಿಳಿಯುತ್ತದೆ. ಕಡಲೆಕಾಯಿ ಬೀಜದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಪೌಷ್ಟಿಕ ಆಹಾರವೇ ಆದರೂ 100 ಗ್ರಾಂನಲ್ಲಿ 520 ಕ್ಯಾಲೊರಿ ಇದೆ. ಒಂದು ಹಿಡಿ, ಅಂದರೆ 30 ಗ್ರಾಂ ಸಾಕು. ಮಾತನಾಡುತ್ತ ಹುರಿದ ಬೀಜವನ್ನು ಚೀಲದಿಂದಲೇ ತಿನ್ನುವ ಬದಲು ತಟ್ಟೆಗೆ ಹಾಕಿಕೊಳ್ಳಿರಿ. ತೆಂಗಿನ ತುರಿಗೂ ಇದೇ ಮಾತು ಅನ್ವಯಿಸುತ್ತದೆ. ತೋಟದಲ್ಲಿ ಕಾಯಿ ಇದೆಯೆಂದು ಚಟ್ನಿಗೆ ಅರ್ಧ ಹೋಳು ಹಾಕುವವರು ಅದರ ಅರ್ಧಕ್ಕೆ ಹುರಿಗಡಲೆ, ಪುದೀನ ಸೇರಿಸಬಹುದು.

ಎರಡು ಹೊತ್ತಿನ ಊಟ

ಊಟದ ತಟ್ಟೆಯನ್ನು ಮನಸ್ಸಿನಲ್ಲಿ ನಾಲ್ಕು ಪಾಲು ಮಾಡಿರಿ. ಎರಡು ಪಾಲು ಸೊಪ್ಪು, ತರಕಾರಿ. ಒಂದು ಪಾಲು ಕಾಳು ಅಥವಾ ಬೇಳೆ. ಒಂದು ಪಾಲು ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ. ನಮ್ಮ ಬಸ್ಸಾರು, ಮಸ್ಸೊಪ್ಪು, ಪಲ್ಯ ಇದಕ್ಕೆ ಹೇಳಿ ಮಾಡಿಸಿದಂತಿವೆ. ಮುದ್ದೆ ಒಂದಿರಲಿ, ಸಾರಿನಲ್ಲಿ ಸೊಪ್ಪು ಕಾಳು ಗಟ್ಟಿಯಾಗಿರಲಿ. ಮುದ್ದೆ ಉಂಡ ಮೇಲೆ ಮತ್ತೆ ಎರಡು ಸೌಟು ಅನ್ನ ಬಡಿಸಿಕೊಳ್ಳುವ ರೂಢಿ ಮೈಕೆಲಸ ಕಡಿಮೆಯಾದವರಿಗೆ ಸಲ್ಲದು. ಅದರ ಜಾಗದಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯಬಹುದು.

ಹುರುಳಿ ಉಸಲಿ ಮತ್ತು ಕಟ್ಟಿನ ಸಾರು (4 ಜನರಿಗೆ)
150 ಗ್ರಾಂ ಹುರುಳಿಕಾಳನ್ನು ರಾತ್ರಿ ನೆನೆಹಾಕಿ ಮರುದಿನ 6 ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಕಟ್ಟು ಬಸಿಯಬೇಕು. ಒಂದು ಹಿಡಿ ಬೆಂದ ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ, ಹುಣಿಸೆ ರಸ ಹಾಕಿ ಕುದಿಸಬೇಕು. ಉಳಿದ ಕಾಳಿಗೆ ಈರುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಉಸಲಿಯಾಯಿತು. ಎರಡಕ್ಕೂ ಸೇರಿ 2 ಚಮಚ ಎಣ್ಣೆ. ಒಬ್ಬರಿಗೆ 160 ಕ್ಯಾಲೊರಿಯಷ್ಟು ಮಾತ್ರ ಬಿದ್ದು 8 ಗ್ರಾಂ ಸಸಾರಜನಕ ದೊರೆಯುತ್ತದೆ. ಈ ಸಾರಿನ ರುಚಿ ಇರುವುದು ಸುಟ್ಟ ಈರುಳ್ಳಿ, ಹುರಿದ ಮಸಾಲೆಗಳಲ್ಲಿ. ಎಣ್ಣೆ ಕಡಿಮೆಯಾದರೂ ರುಚಿ ಹೋಗದಿರಲು ಹುರಿಯುವುದು, ಸುಡುವುದು, ಹುಳಿ ಹಿಂಡುವುದು ಈ ಮೂರು ಕ್ರಮಗಳು ನೆನಪಿರಲಿ.

ಸಾಮೆ ತರಕಾರಿ ಉಪ್ಪಿಟ್ಟು (4 ಜನರಿಗೆ)
200 ಗ್ರಾಂ ಸಾಮೆ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಬೇಕು. 4 ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, 400 ಗ್ರಾಂ ಹುರುಳಿಕಾಯಿ, ಗಜ್ಜರಿ, ನವಿಲುಕೋಸು, ಟೊಮ್ಯಾಟೊ ಹಾಕಿ ಬಾಡಿಸಿ, ಸಾಮೆಯ ಎರಡೂವರೆಯಷ್ಟು ಅಳತೆಯ ನೀರು ಕುದಿಸಿ ಸಾಮೆ ಬೇಯಿಸಬೇಕು. ತರಕಾರಿಯ ತೂಕ ಧಾನ್ಯದ ಎರಡರಷ್ಟಿರುವುದೇ ಇಲ್ಲಿನ ಗುಟ್ಟು. ಒಬ್ಬರಿಗೆ 250 ಕ್ಯಾಲೊರಿಗಳಲ್ಲಿ ತಟ್ಟೆ ತುಂಬುತ್ತದೆ.

ಹೊಲ ಬದಲಾದರೆ ಅಡಿಗೆಯೂ ಬದಲಾಗುವುದು

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದಾಗ ಅವರೆ, ಅಲಸಂದೆ, ತೊಗರಿ ಕೊಳ್ಳದೆಯೇ ಮನೆಗೆ ಬರುತ್ತಿದ್ದವು. ಕಳೆ ತೆಗೆಯುವಾಗ ಅಣ್ಣೆ ಸೊಪ್ಪು, ಹೊನಗೊನ್ನೆ ಸೊಪ್ಪು ಮಡಿಲು ತುಂಬುತ್ತಿದ್ದವು. ಹೊಲವೆಲ್ಲ ಮೆಕ್ಕೆಜೋಳವಾದರೆ, ಕಳೆನಾಶಕ ಬಿದ್ದರೆ, ಇವು ಅಂಗಡಿಯಿಂದ ತರಬೇಕಾದ ಪದಾರ್ಥಗಳಾಗುತ್ತವೆ. ಕೊಂಡು ತರುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ತಟ್ಟೆಯಲ್ಲಿ ಅನ್ನ ಹೆಚ್ಚಾಗುತ್ತದೆ. ಆದುದರಿಂದ ಮೆಕ್ಕೆಜೋಳದ ನಡುವೆ ತೊಗರಿ ಸಾಲು, ಬಚ್ಚಲು ನೀರು ಹರಿಯುವಲ್ಲಿ ನುಗ್ಗೆ, ಬಸಳೆ, ಎರಡು ಮಡಿ ದಂಟು, ಮೆಂತ್ಯ ಹಾಕಿಕೊಳ್ಳುವುದು ತೂಕ ಇಳಿಸುವ ಕ್ರಮದಲ್ಲಿಯೇ ಸೇರಿದೆ. ಸೊಪ್ಪು ಕೊಯ್ಯುವ ಮಡಿಗೆ ಔಷಧಿ ಸಿಂಪಡಿಸಬಾರದು.

ಹಬ್ಬ ಮತ್ತು ಮದುವೆ ಊಟ

ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದು ಮನೆಯವರ ಮನಸ್ಸು ನೋಯಿಸಬೇಕಾಗಿಲ್ಲ. ಒಂದನ್ನು ಒಂದು ಚಮಚ ತುಪ್ಪದೊಡನೆ ನಿಧಾನವಾಗಿ ಸವಿಯಿರಿ. ಮೊದಲು ಕೋಸಂಬರಿ, ಪಲ್ಯ ತಿನ್ನಿರಿ. ಹಬ್ಬದ ಊಟವಿದೆಯೆಂದು ಬೆಳಿಗ್ಗೆ ಉಪವಾಸವಿರುವುದು ಬೇಡ, ಹಸಿದವನ ಕೈಗೆ ಅಳತೆ ಇರುವುದಿಲ್ಲ. ಅಂದು ರಾತ್ರಿ ಅಂಬಲಿ ಅಥವಾ ಸಾರು ಸಾಕು. ಒಂದು ದಿನದ ಹಬ್ಬದಿಂದ ಯಾರೂ ದಪ್ಪವಾಗುವುದಿಲ್ಲ. ಮಾರನೆಯ ದಿನದಿಂದ ವಾರವಿಡೀ ಡಬ್ಬದಲ್ಲಿರುವ ಚಕ್ಕುಲಿ, ಉಂಡೆಗಳಿಂದ ಆಗುತ್ತಾರೆ.

ಗೃಹಿಣಿಯರಿಗೆ ಒಂದು ಮಾತು. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದುದನ್ನು ಚೆಲ್ಲಬಾರದೆಂದು ತಾವೇ ತಿಂದು ಮುಗಿಸುವ ರೂಢಿ ಅನೇಕರಲ್ಲಿದೆ. ಅನ್ನ ಚೆಲ್ಲಬಾರದೆಂಬುದು ಒಳ್ಳೆಯ ಗುಣವೇ. ಆದರೆ ಹೊಟ್ಟೆಯು ಗೊಬ್ಬರದ ಗುಂಡಿಯಲ್ಲ. ನಾಳೆಯಿಂದ ಒಂದು ಹಿಡಿ ಕಡಿಮೆ ಬೇಯಿಸಿ, ನೀವೂ ಎಲ್ಲರೊಡನೆ ಕುಳಿತು ಊಟ ಮಾಡಿರಿ. ತೂಕ ಇಳಿಸುವವರಿಗೆಂದು ಬೇರೆ ಅಡಿಗೆಯನ್ನೂ ಮಾಡಬೇಕಾಗಿಲ್ಲ. ಮೇಲಿನ ಅಡಿಗೆಗಳು ಮನೆಮಂದಿಗೆಲ್ಲ ಹೊಂದುತ್ತವೆ. ಮಕ್ಕಳಿಗೆ, ಮೈಮುರಿದು ದುಡಿಯುವವರಿಗೆ ಇನ್ನೊಂದು ಮುದ್ದೆ, ಒಂದು ಚಮಚ ತುಪ್ಪ ಹೆಚ್ಚು ಬಡಿಸಿದರಾಯಿತು.

ಎಚ್ಚರಿಕೆಗಳು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ತೂಕ ಇಳಿಸಲು ಊಟ ಕಡಿಮೆ ಮಾಡಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕಾಣಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. 30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕದಲ್ಲಿ ಸೇರಿದೆ.

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಕ ನೋಡಿ ಗೋಡೆಯ ಪಂಚಾಂಗದ ಮೇಲೆ ಬರೆದಿಡಿರಿ. ದಿನವೂ ನೋಡಿದರೆ ಏರುಪೇರು ಕಂಡು ಮನಸ್ಸು ಕುಗ್ಗುತ್ತದೆ. ಮೊದಲ ವಾರ ಎಣ್ಣೆಯ ಚಮಚ, ಎರಡನೆಯ ವಾರ ಚಹಾದ ಸಕ್ಕರೆ, ಮೂರನೆಯ ವಾರ ಸಂಜೆಯ ತಟ್ಟೆ, ನಾಲ್ಕನೆಯ ವಾರ ಮುದ್ದೆಯ ಜೊತೆಯ ಅನ್ನ, ಹೀಗೆ ಒಂದೊಂದಾಗಿ ಸರಿಪಡಿಸಿಕೊಂಡರೆ ಯಾವುದೂ ಭಾರವಾಗುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದರು. ಊಟ ಬಿಟ್ಟವನಿಗೆ ರೋಗವಿಲ್ಲವೆಂದು ಅವರು ಹೇಳಲಿಲ್ಲ.